ಈರವ್ವ ಕೇಳಿದ ಒಂದು ಪ್ರಶ್ನೆ

ಜಯಮಾಲಾಳ ಹತ್ತಿರ ಮೈಕ್ ಇರಲಿಲ್ಲ. ಕ್ಯಾಮೆರಾ ಇತ್ತು, ವಿಶ್ವವಿದ್ಯಾಲಯದ ವಿಭಾಗದ್ದು. ಟ್ರೈಪಾಡ್ ಇತ್ತು, ಒಂದು ಕಾಲು ಸಡಿಲ. ಹುಬ್ಬಳ್ಳಿ ಅಂಚಿನ ಉಣಕಲ್ಲಿನಲ್ಲಿ ಜೋಳದ ರೊಟ್ಟಿ ಬಡಿದು ಮಾರುವ ಹೆಂಗಸರ ಮೇಲೆ ಅವಳ ಪಿಎಚ್‌ಡಿ. ಪ್ರಬಂಧದ ಜೊತೆಗೆ ಅರ್ಧ ತಾಸಿನ ಸಾಕ್ಷ್ಯಚಿತ್ರವನ್ನೂ ಒಪ್ಪಿಸಬೇಕಿತ್ತು. ಮೊದಲ ವಾರ ತೆಗೆದದ್ದನ್ನು ಧಾರವಾಡದ ಸಪ್ತಾಪುರದ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕುಳಿತು ನೋಡಿದಳು. ಹೆಂಗಸರ ಬಾಯಿ ಅಲುಗುತ್ತಿತ್ತು. ಕೇಳಿಸುತ್ತಿದ್ದದ್ದು ಫ್ಯಾನು ಮತ್ತು ರಸ್ತೆ.

ಹುಬ್ಬಳ್ಳಿಯಲ್ಲಿ ಮದುವೆ ವಿಡಿಯೊ ಮಾಡುವ ಏಕನಾಥನ ಸ್ಟುಡಿಯೊದಿಂದ ಲೋಹಿತ ಬಂದ. ಧ್ವನಿಮುದ್ರಣ ಅವನ ಕೆಲಸ. ಮುಹೂರ್ತವಿಲ್ಲದ ದಿನಗಳಲ್ಲಿ ಬಿಡುವು. ತೆಳ್ಳಗಿನ ಮನುಷ್ಯ, ಕೊರಳಲ್ಲಿ ಹೆಡ್‌ಫೋನ್. ನಮಸ್ಕಾರ ಹೇಳುವ ಮೊದಲೇ ಅಂದ:

"ಮೇಡಂ, ಬಳಿ ತಗೀರಿ."

"ಏನ್ರಿ?"

"ಬಳಿ. ನೀವು ಕೈ ಅಲುಗಿಸಿದ್ರ ನನ್ನ ಕಿವ್ಯಾಗ ಮಂಗಳಾರತಿ ನಡದಂಗ ಆಗತೈತಿ."

ರೊಟ್ಟಿ ಶೆಡ್ಡಿನ ಯಜಮಾನಿ ಈರವ್ವ ಕಿಸಕ್ಕನೆ ನಕ್ಕಳು. ಅವಳ ಕೈಕೆಳಗಿನ ಐದು ಮಂದಿ ಹೆಂಗಸರೂ ನಕ್ಕರು. ಜಯಮಾಲಾ ಸಿಟ್ಟಿನಿಂದಲೇ ಎರಡು ಹಿತ್ತಾಳೆ ಬಳೆ ಬಿಚ್ಚಿ ಕೊಟ್ಟಳು. ಲೋಹಿತ ಅವನ್ನು ಮೈಕಿನ ಚೀಲದ ಸಣ್ಣ ಕಿಸೆಯಲ್ಲಿಟ್ಟು ಜಿಪ್ ಎಳೆದ. ಸಂಜೆ ತಿರುಗಿ ಕೊಡುವಾಗ, "ಎಣಿಸ್ಕೊಳ್ರಿ" ಅಂದ.

"ಎರಡ ಅದಾವ. ಏನ್ ಎಣಸೂದು?"

ಮರುದಿನ ಬಳೆಗಳನ್ನು ಕೋಣೆಯಲ್ಲೇ ಬಿಟ್ಟು ಬರಬಹುದಿತ್ತು. ಹಾಕಿಕೊಂಡೇ ಬಂದಳು. "ಮರತೆ" ಅಂದಳು. ಮೂರನೆಯ ದಿನವೂ ಮರೆತಳು. ನಾಲ್ಕನೆಯ ದಿನ ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಅವನು ಕೈ ಚಾಚಿದ, ಅವಳು ಕೊಟ್ಟಳು.

ಪ್ರತಿ ಮಾತುಕತೆ ಮುಗಿದ ಮೇಲೆ ಲೋಹಿತನ ಒಂದು ಪದ್ಧತಿ ಇತ್ತು. ಎಲ್ಲರೂ ಒಂದು ನಿಮಿಷ ಸುಮ್ಮನಿರಬೇಕು. ಯಾರೂ ಮಾತಾಡದ ಆ ಜಾಗದ ಸದ್ದನ್ನು ಅವನು ತುಂಬಿಕೊಳ್ಳುತ್ತಿದ್ದ. ಅದಕ್ಕೆ ರೂಮ್ ಟೋನ್ ಅನ್ನುತ್ತಾರೆ. ಎಡಿಟ್ ಮಾಡುವಾಗ ಮಾತು ಕತ್ತರಿಸಿದಲ್ಲಿ ಅದನ್ನು ಹಾಸಿದರೆ ಹೊಲಿಗೆ ಕಾಣುವುದಿಲ್ಲ.

"ಏನೂ ಇಲ್ಲದ್ದನ್ನ ಯಾಕ ತುಂಬ್ಕೋತೀಯೋ ತಮ್ಮಾ?" ಅಂದಳು ಈರವ್ವ.

"ಏನೂ ಇಲ್ಲ ಅನ್ನೂದು ಎಲ್ಲಾ ಮನ್ಯಾಗೂ ಒಂದ ನಮೂನಿ ಇರೂದಿಲ್ಲ, ಯವ್ವಾ."

ಜಯಮಾಲಾಗೆ ಈ ಮಾತು ಗೊತ್ತಿತ್ತು. ಸಪ್ತಾಪುರದ ಕೋಣೆಯಲ್ಲೂ ಸದ್ದಿಲ್ಲ. ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ಎಣಿಸುತ್ತ ಉಣ್ಣುವ ಕೋಣೆ ಅದು. ಇಲ್ಲಿಯ ಒಂದು ನಿಮಿಷ ಬೇರೆ. ಹಂಚಿನ ಮೇಲೆ ರೊಟ್ಟಿ ಉಬ್ಬಿ ಉಸಿರು ಬಿಡುತ್ತಿತ್ತು. ಮಾಡಲು ಕೆಲಸವಿಲ್ಲ, ಆಡಲು ಮಾತಿಲ್ಲ. ಲೋಹಿತ ಸದ್ದಿನ ಮೀಟರ್ ನೋಡುವ ನೆಪದಲ್ಲಿ ತಲೆ ತಗ್ಗಿಸಿ, ಅರ್ಧ ನಿಮಿಷ ಕಳೆದ ಮೇಲೆ ಒಮ್ಮೆ ಕಣ್ಣೆತ್ತುತ್ತಿದ್ದ. ಅವಳು ಆ ಅರ್ಧ ನಿಮಿಷಕ್ಕೆ ಕಾಯುತ್ತಿದ್ದಳು.

ಕೊನೆಯ ದಿನ ಅವಳ ಪಟ್ಟಿಯ ನೂರಾ ಹನ್ನೆರಡನೆಯ ಪ್ರಶ್ನೆ: ರೊಟ್ಟಿ ಮಷಿನ್ ಬಂದರೆ ಕೈಗೆ ಏನು ಕೆಲಸ? ಈರವ್ವ ಕೈಗಂಟಿದ ಹಿಟ್ಟು ಉಜ್ಜಿಕೊಳ್ಳುತ್ತ ಕ್ಯಾಮೆರಾ ನೋಡಿದಳು.

"ನೀ ಇಷ್ಟು ಕೇಳಿದಿ. ನಾ ಒಂದು ಕೇಳ್ಲೇನು?"

"ಕೇಳ್ರಿ."

"ತಿಂಗಳಾತು, ನೀ ನಮ್ಮ ಕೈ ನೋಡಾಕತ್ತಿ. ಈ ಹುಡುಗ ನಿನ್ನ ಮಾರಿ ನೋಡಾಕತ್ತಾನ. ನಿನಗೂ ಮನಸೈತೋ ಇಲ್ಲೋ, ಹೇಳಿಬಿಡವಾ."

ಹೆಂಗಸರು ಹೋ ಎಂದು ನಕ್ಕರು. ಲೋಹಿತನ ಕಿವಿ ಹೆಡ್‌ಫೋನಿನ ಹೊರಗೂ ಕೆಂಪಾಗಿತ್ತು. ಜಯಮಾಲಾಗೆ ಬಾಯಿಗೆ ಬಂದದ್ದು ಒಂದೇ ಮಾತು.

"ರೂಮ್ ಟೋನ್ ತಗೋರಿ."

ಎಲ್ಲರೂ ಸುಮ್ಮನಾದರು. ಆ ನಿಮಿಷವಿಡೀ ಅವಳ ನಾಲಿಗೆಯ ಮೇಲೆ ಹೌದು ಎಂಬ ಮಾತು ಇತ್ತು. ನಿಮಿಷ ಮುಗಿಯುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಈರವ್ವ ಅತ್ತ ಓಡಿದಳು.

ಸಂಜೆ ಇಬ್ಬರೂ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣದಲ್ಲಿ ನಿಂತರು. ಅವಳದು ಧಾರವಾಡದ ಬಸ್ಸು, ಅವನದು ಹುಬ್ಬಳ್ಳಿಯದು.

"ಈಗ ಉತ್ತರ ಬ್ಯಾಡ್ರಿ" ಅಂದ ಲೋಹಿತ. "ನಿಮಗ ಬರೇ ಕೇಳಾಕ ಬರತೈತಿ, ಹೇಳಾಕ ಬರೂದಿಲ್ಲ."

"ಮತ್ತ?"

"ಸಿನಿಮಾದಾಗ ಆ ಯವ್ವನ ಮಾತು ಉಳದಿದ್ರ ಹೌದು ಅಂತ ತಿಳ್ಕೋತೇನಿ. ಕತ್ತರಿಸಿದ್ರ ಮತ್ತ ಕೇಳೂದಿಲ್ಲ."

ಅವಳ ಬಸ್ಸು ಬಂತು. ಬಳೆಗಳು ಅವನ ಚೀಲದಲ್ಲೇ ಉಳಿದವು. ಈ ಸಲ ನಿಜವಾಗಿ ಮರೆತದ್ದೂ ಅಲ್ಲ, ಮರೆತಂತೆ ನಟಿಸಿದ್ದೂ ಅಲ್ಲ. ಬೇಕೆಂದೇ ಬಿಟ್ಟಳು.

ಎಡಿಟ್ ಮಾಡುವಾಗ ಆ ಮಾತನ್ನು ಉಳಿಸಿದಳು. ಹನ್ನೊಂದು ಸೆಕೆಂಡು. ಪ್ರತಿದಿನ ಕೆಲಸ ಶುರು ಮಾಡುವ ಮೊದಲು ಅದನ್ನೊಮ್ಮೆ ಕೇಳುತ್ತಿದ್ದಳು. ಆಮೇಲೆ ಗೈಡ್ ಕುಮಾರಸ್ವಾಮಿ ಸರ್ ಸಿನಿಮಾ ನೋಡಿದರು.

"ಎಲ್ಲಾ ಛಲೋ ಆಗೈತಿ. ಈ ತುಣುಕು ಯಾಕ? ಅಭ್ಯಾಸ ಮಾಡಾಕ ಹೋದಾಕಿ ನೀನ ವಿಷಯ ಆಗಿ ಕುಂತೀಯಲ್ಲ. ಕಮಿಟಿಯವರು ಉಳದದ್ದೆಲ್ಲಾ ಬಿಟ್ಟು ಇದನ್ನ ಹಿಡ್ಕೋತಾರ. ತಗದರ ಛಲೋ. ಮುಂದ ನಿನ್ನ ಇಷ್ಟ."

ತೆಗೆಯಲೇಬೇಕು ಎಂದಿದ್ದರೆ ತಪ್ಪನ್ನು ಅವರ ಮೇಲೆ ಹಾಕಬಹುದಿತ್ತು. ಅವರು ಹಾಗೆ ಹೇಳಲಿಲ್ಲ. ಅವಳ ಮನೆತನದಲ್ಲಿ ಹತ್ತನೇ ಇಯತ್ತೆ ದಾಟಿದ ಮೊದಲ ಹೆಣ್ಣು ಅವಳು. ಐದು ವರ್ಷದ ಕೆಲಸ ಒಂದು ನಗೆಯಲ್ಲಿ ಹೋಗಬಾರದು ಎಂದು ಹೆದರಿದಳು. ಕತ್ತರಿಸಿದಳು. ಕತ್ತರಿಸಿದ ಜಾಗದಲ್ಲಿ ಮಾತು ಎಗರಿತು. ಅದರ ಮೇಲೆ ಈರವ್ವನ ಪ್ರಶ್ನೆಯ ಬೆನ್ನಿಗೆ ಲೋಹಿತ ತುಂಬಿಕೊಂಡಿದ್ದ ರೂಮ್ ಟೋನ್ ಹಾಸಿದಳು.

ಫೋನ್ ಮಾಡಿ ತಿಳಿಸಬೇಕೆಂದು ಮೂರು ಸಲ ಅವನ ನಂಬರ್ ತೆಗೆದಳು. ತಿಳಿಸಬೇಕಾದರೆ ಹೌದು ಎಂಬುದನ್ನು ತನ್ನ ಬಾಯಿಂದಲೇ ಹೇಳಬೇಕಿತ್ತು. ವಿಭಾಗದಿಂದ ಅವನಿಗೆ ಕರೆಯೋಲೆ ಹೋಗಿದೆ, ಪ್ರದರ್ಶನದ ದಿನ ಹೇಗೂ ಸಿಗುತ್ತಾನೆ, ಆಗ ಹೇಳಿದರಾಯಿತು ಅಂದುಕೊಂಡಳು. ಹಾಗೆ ಮೂರು ವಾರ ಹೋದವು.

ಅವನು ಬಂದ. ಹಿಂದಿನ ಸಾಲಿನಲ್ಲಿ ಕುಳಿತ. ಸಿನಿಮಾ ಮುಗಿದಾಗ ಕಮಿಟಿಯವರು ಚಪ್ಪಾಳೆ ತಟ್ಟಿದರು. ಲೈಟು ಹತ್ತುವಷ್ಟರಲ್ಲಿ ಆ ಕುರ್ಚಿ ಖಾಲಿ. ಅವಳು ಮೆಟ್ಟಿಲುಗಳ ಕಡೆ ಓಡಿದಳು.

"ಲೋಹಿತ, ಅದನ್ನ ಕಮಿಟಿ ಸಲುವಾಗಿ ತಗದೆ."

"ಗೊತ್ತಾತ್ರಿ."

"ಗೊತ್ತಾಗಿದ್ರ ಮತ್ಯಾಕ ಹೊಂಟಿರಿ?"

"ಒಂದು ಫೋನ್ ಮಾಡಿದ್ರ ಸಾಕಿತ್ತಲ್ರಿ. ಕರಿಯೋಲಿ ಬಂದಾಗಿಂದ ಮೂರು ವಾರ ಮದವಿ ಮಂಟಪದಾಗೂ ಫೋನ್ ಕೈಯಾಗ ಹಿಡ್ಕೊಂಡ ಅಡ್ಡಾಡೇನಿ. ಏಕನಾಥಣ್ಣ ಬೈದ." ಅವನು ನಕ್ಕ, ನಗೆಯಲ್ಲಿ ಸಿಟ್ಟಿರಲಿಲ್ಲ. "ಆ ಜಾಗದಾಗ ನನ್ನ ರೂಮ್ ಟೋನ್ ಹಾಕೀರಿ. ಛಲೋ ಕುಂತೈತಿ. ಯಾರಿಗೂ ಹೊಲಿಗಿ ಗೊತ್ತಾಗೂದಿಲ್ಲ."

"ಈಗ ಹೇಳತೇನಿ, ಕೇಳ್ರಿ."

"ಬ್ಯಾಡ್ರಿ. ಈಗ ಹೇಳಿದ್ರ ಮರುಗಿ ಹೇಳಿದಂಗ ಆಗತೈತಿ. ಅದು ನನಗೂ ಬ್ಯಾಡ, ನಿಮಗೂ ಬ್ಯಾಡ."

ಚೀಲದ ಸಣ್ಣ ಕಿಸೆಯ ಜಿಪ್ ಎಳೆದು ಬಳೆಗಳನ್ನು ತೆಗೆದ. ಅವಳ ಅಂಗೈಯಲ್ಲಿಟ್ಟ.

"ಎಣಿಸ್ಕೊಳ್ರಿ."

ಅವನು ಇಳಿದು ಹೋದ. ಇಪ್ಪತ್ತು ಕಿಲೋಮೀಟರ್ ದೂರದ ಊರು ಅವನದು, ಐದು ನಿಮಿಷಕ್ಕೊಂದು ಬಸ್ಸು. ಆಮೇಲೆ ಅವಳು ಎರಡು ಸಲ ಫೋನ್ ಮಾಡಿದಳು. ಅವನು ಎತ್ತಿದ, ಚೆನ್ನಾಗಿಯೇ ಮಾತಾಡಿದ, ಮೇಡಂ ಅಂದ. ಕೇಳುವುದಿಲ್ಲ ಅಂದವನು ಕೇಳಲಿಲ್ಲ.

ತಿಂಗಳ ನಂತರ ಜಯಮಾಲಾ ಲ್ಯಾಪ್‌ಟಾಪ್ ಹಿಡಿದು ಉಣಕಲ್ಲಿಗೆ ಹೋದಳು. ಯಾರ ಮೇಲೆ ಸಿನಿಮಾ ಮಾಡುತ್ತೇವೋ ಅವರಿಗೆ ತೋರಿಸಿ ಬರುವುದು ಈ ಕೆಲಸದ ನೇಮ. ಕೈ ಅಲುಗಿದಾಗೆಲ್ಲ ಬಳೆ ಸದ್ದು ಮಾಡಿದವು. ತೆಗೆಯಿರಿ ಎನ್ನುವವರು ಯಾರೂ ಇರಲಿಲ್ಲ. ಹೆಂಗಸರು ತಮ್ಮ ಕೈಗಳನ್ನು ತಾವೇ ನೋಡಿ ಬೆರಗಾದರು. ಈರವ್ವ ಕೊನೆಯವರೆಗೂ ಕಾದಳು.

"ಎಲ್ಲಾ ಐತಿ. ನಾ ಕೇಳಿದ್ದೆಲ್ಲಿ?"

"ತಗದೆ, ಯವ್ವಾ."

"ಮತ್ತ ಆ ಹುಡುಗ?"

ಜಯಮಾಲಾ ಲ್ಯಾಪ್‌ಟಾಪ್ ಮುಚ್ಚಿದಳು. ಈರವ್ವ ಬೈಯಲಿಲ್ಲ. ಹಿಟ್ಟಿನ ಉಂಡೆ ತೆಗೆದುಕೊಂಡು ಮುಂದಿನ ರೊಟ್ಟಿ ಬಡಿಯತೊಡಗಿದಳು.

"ನೀ ನನಗ ನೂರಾ ಹನ್ನೆರಡು ಕೇಳಿದಿ. ನಾ ಕೇಳಿದ್ದು ಒಂದ."

ಸಿನಿಮಾ ಒಟ್ಟು ಇಪ್ಪತ್ತೆಂಟು ನಿಮಿಷವಿತ್ತು. ಅದರಲ್ಲಿ ಕಡಿಮೆಯಾದದ್ದು ಹನ್ನೊಂದು ಸೆಕೆಂಡು.