ಮೇಯಿರನ ಹಾಡು

ತೆಗೆದುಕೊಂಡು ಹೋದರೆ ಕಳ್ಳತನ. ಬಿಟ್ಟು ಹೋದರೆ? ಅದಕ್ಕೆ ಏನು ಹೆಸರೆಂದು ಸೆಲಿಗ್‌ಗೆ ಹೊಳೆಯಲಿಲ್ಲ. ಊರಿನ ಯೆಹೂದಿ ಪ್ರಾರ್ಥನಾಮಂದಿರದ ಅಟ್ಟದಲ್ಲಿ, ಸೂರಿನ ಸಂದಿಯಿಂದ ಬೀಳುತ್ತಿದ್ದ ಬಿಸಿಲಿಗೆ ಹಿಡಿದು, ಅಂಗೈಯಗಲದ ಆ ಚರ್ಮದ ಹಾಳೆಯನ್ನು ಅವನು ಮತ್ತೆ ಓದಿದ. ಮತ್ತೆ ಓದಿದರೂ ಹಾಳೆ ಅದೇ ವರ್ಷವನ್ನು ಹೇಳಿತು.

ಹಾಳೆಯಲ್ಲಿದ್ದ ಹಾಡು ಊರಿಗೆಲ್ಲ ಬಾಯಿಪಾಠ. ವರ್ಷಕ್ಕೊಮ್ಮೆ ಉಪವಾಸವಿರುವ ಪ್ರಾಯಶ್ಚಿತ್ತದ ದಿನ, ಸೂರ್ಯ ಇಳಿಯುವ ಹೊತ್ತಿಗೆ, ಮಂದಿರದ ಕಾವಲು ನೋಡುವ ಗುಂಪೆಲ್‌ನ ಮಗಳು ಬ್ರೈಂಡೆಲಳ ತಾತ ಅದನ್ನು ಹಾಡುತ್ತಿದ್ದರು. ಅವರಿಗಿಂತ ಮೊದಲು ಅವರ ಅಪ್ಪ, ಅವರಿಗಿಂತ ಮೊದಲು ಅವರಪ್ಪ. ಅವರ ವಂಶದ ಹಿರಿಯ ಮೇಯಿರ್ ಧರ್ಮ ಬಿಡುವುದಿಲ್ಲವೆಂದು ಬೆಂಕಿಯ ಶಿಕ್ಷೆಗೆ ಬಲಿಯಾದವನು. ಅದರ ಹಿಂದಿನ ರಾತ್ರಿ ಸೆರೆಮನೆಯಲ್ಲಿ ಕಟ್ಟಿದ ಹಾಡೆಂದು ಊರು ನಂಬಿತ್ತು. ಆದರೆ ಈ ಹಾಳೆಯಲ್ಲಿ ಯಾರೋ ಅದೇ ಹಾಡನ್ನು ನಕಲು ಮಾಡಿಕೊಂಡು ಕೊನೆಯಲ್ಲಿ ವರ್ಷ ಹಾಕಿದ್ದ. ಮೇಯಿರ್ ಹುಟ್ಟುವುದಕ್ಕೆ ಒಂದು ಶತಮಾನ ಮೊದಲಿನ ವರ್ಷ.

ಬರ್ಲಿನ್‌ನ ಹೊಸ ಶಾಲೆಯಲ್ಲಿ ಸೆಲಿಗ್ ಕಲಿಯುತ್ತಿದ್ದುದೇ ಇದನ್ನು. ಗ್ರೀಕರ, ರೋಮನರ ಗ್ರಂಥಗಳಿಗೆ ಸಿಗುವ ಗೌರವ ಯೆಹೂದಿಗಳ ಗ್ರಂಥಗಳಿಗೂ ಸಿಗಬೇಕು. ಯಾರು ಬರೆದರು, ಯಾವಾಗ ಬರೆದರು ಎಂದು ಭಯವಿಲ್ಲದೆ ಕೇಳಬೇಕು. ವಿಶ್ವವಿದ್ಯಾಲಯಗಳು ಇದಕ್ಕೆ ಬಾಗಿಲು ತೆರೆಯದ್ದರಿಂದ ಅವನ ಗುರುಗಳು ತಾವೇ ಶಾಲೆ ಕಟ್ಟಿದ್ದರು. ಅಲ್ಲೊಂದು ಉಪಾಧ್ಯಾಯನ ಜಾಗ ಖಾಲಿಯಿತ್ತು. ‘ಕಣ್ಣಿಗೆ ಕಾಣುವ ಹೊಸ ಸಾಕ್ಷಿ ತಾ, ಜಾಗ ನಿನ್ನದು’ ಎಂದಿದ್ದರು.

ಏಣಿ ಕಿರುಗುಟ್ಟಿತು. ಹಾಳೆ ಕೋಟಿನ ಒಳಜೇಬಿಗೆ ಇಳಿಯಿತು. ಸೆಲಿಗ್‌ಗೆ ತನ್ನ ಕೈ ಮಾಡಿದ್ದು ಕಂಡೇ ಆಶ್ಚರ್ಯವಾಯಿತು.

ಬ್ರೈಂಡೆಲ್ ಒಂದು ಬಟ್ಟಲು ಹುಳಿ ಚೆರ್ರಿ ಹಿಡಿದು ಮೇಲೆ ಬಂದಳು. ಹುಬ್ಬಿನ ಮೇಲೆ ಜೇಡರ ಬಲೆಯ ಒಂದು ಎಳೆ.

“ಇನ್ನೂ ಇಲ್ಲೇ ಇದೀಯಾ? ನಾಳೆ ಈ ಹಾಳೆಗಳ ಜೊತೆ ನಿನ್ನನ್ನೂ ಮೂಟೆ ಕಟ್ಟಿ ಹೂಳಿಬಿಡ್ತಾರೆ ಅಪ್ಪ.”

“ಗಂಟು ಹಾಕೋಳು ನೀನಾದ್ರೆ ಅಡ್ಡಿಯಿಲ್ಲ.”

ಅವಳು ನಗು ತಡೆಯಲು ಒಂದು ಚೆರ್ರಿಯನ್ನು ಬಾಯಿಗೆ ಹಾಕಿಕೊಂಡಳು. ತಡೆಯಲಾಗಲಿಲ್ಲ. ಕಣ್ಣೆತ್ತಿ ಅವನನ್ನು ನೋಡಿದಳು, ಸೂರು ನೋಡಿದಳು, ಮತ್ತೆ ಅವನನ್ನು ನೋಡಿದಳು. ಈ ಸಲ ನಗು ಇರಲಿಲ್ಲ.

“ಏನು ಸಿಕ್ತು?”

“ಇಲಿ ತಿಂದ ಹಾಳೆಗಳು.”

“ಮುಖ ನೋಡಿದ್ರೆ ಇಲಿ ನಿನ್ನನ್ನೇ ತಿಂದ ಹಾಗಿದೆ.” ಬಟ್ಟಲನ್ನು ಕೆಳಗಿಟ್ಟಳು. “ನೋಡು ಸೆಲಿಗ್, ಚಿಕ್ಕೋನಿದ್ದಾಗಿಂದ ಯಾರು ಏನು ಹೇಳಿದ್ರೂ ‘ಅದು ನಿಜಾನಾ?’ ಅಂತ ಕೇಳೋನು ನೀನು. ಅದಕ್ಕೇ ನಂಗೆ ನೀನು ಇಷ್ಟ. ಆದ್ರೆ ನನ್ನ ಹತ್ರ ಸುಳ್ಳು ಹೇಳೋನ ಜೊತೆ ನಾನು ಬರ್ಲಿನ್‌ಗೆ ಬರಲ್ಲ.”

ಇಷ್ಟ ಎಂಬ ಮಾತು ಅವಳ ಬಾಯಿಂದ ಮೊದಲ ಸಲ ಬಂದಿತ್ತು. ಅದೂ ಬೆದರಿಕೆಯ ಕೈ ಹಿಡಿದುಕೊಂಡು.

ದೇವರ ಹೆಸರಿರುವ ಹಾಳೆ ಹರಿದು ಹಳತಾದರೂ ಸುಡುವಂತಿಲ್ಲ, ಎಸೆಯುವಂತಿಲ್ಲ. ಮನುಷ್ಯರನ್ನು ಹೂಳುವಂತೆ ಹೂಳಬೇಕು. ಮರುದಿನ ಮೂಟೆಗಳನ್ನು ಹೊತ್ತು ಊರೆಲ್ಲ ಸ್ಮಶಾನಕ್ಕೆ ನಡೆಯಿತು. ಬೇಸಿಗೆಯಿಡೀ ಬೇಕಾದಷ್ಟು ಓದಿಕೋ, ಆದರೆ ಒಂದು ಚೂರೂ ಹೊರಗೆ ಹೋಗಕೂಡದು ಎಂಬುದು ಹಿರಿಯರು ಸೆಲಿಗ್‌ಗೆ ಹಾಕಿದ ಕಟ್ಟಳೆ. ಬಿಸಿಲಿಗೆ ಎಲ್ಲರೂ ಕೋಟು ಕಳಚಿದ್ದರು. ಅವನೊಬ್ಬ ಕಳಚಿರಲಿಲ್ಲ.

ಗುಂಡಿಯ ಬದಿಯಲ್ಲಿ ಬ್ರೈಂಡೆಲಳ ತೋಳು ಹಿಡಿದು ತಾತ ನಿಂತಿದ್ದರು. ಕಣ್ಣು ಹೋಗಿ ಬಹಳ ವರ್ಷವಾಗಿತ್ತು. ನಾಲಿಗೆ ಹಾಗೇ ಇತ್ತು.

“ಎಲ್ಲಿ ನಮ್ಮ ಬರ್ಲಿನ್ ಪಂಡಿತ? ನಿಮ್ಮೋರಿಗೆ ಪ್ರಾರ್ಥನೆ ಬೇಡವಂತೆ, ಅದು ಹುಟ್ಟಿದ ತಾರೀಕು ಮಾತ್ರ ಬೇಕಂತೆ?”

ಸುತ್ತಲಿದ್ದವರು ನಕ್ಕರು. ತಾತ ತಡಕಾಡಿ ಸೆಲಿಗ್‌ನ ಎದೆಯ ಮೇಲೆ ಕೈಯಿಟ್ಟರು. ಸರಿಯಾಗಿ ಒಳಜೇಬಿನ ಮೇಲೆ.

“ಹೇಳಪ್ಪ. ನಮ್ಮ ಮೇಯಿರನದು ಏನಾದ್ರೂ ಸಿಕ್ತಾ? ಇನ್ನೊಂದು ಪ್ರಾಯಶ್ಚಿತ್ತದ ದಿನ ನನಗುಂಟೋ ಇಲ್ವೋ. ಕೇಳ್ಕೊಂಡು ಹೋಗ್ತೀನಿ.”

ಬ್ರೈಂಡೆಲ್ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಸಿಕ್ಕಿತು ಎಂದರೆ ಈ ಮುದುಕ ಇವತ್ತೇ, ಇಲ್ಲೇ, ಬರಿಗೈಯವನಾಗುತ್ತಾನೆ. ಸಿಗಲಿಲ್ಲ ಎಂದರೆ ಅವಳು ಹೋದಳು. ಸೆಲಿಗ್ ತಾತನ ಕಡೆ ಬಾಗಿದ.

“ತಾತ, ಒಂದ್ಸಲ ಹಾಡಿ. ಇಲ್ಲೇ, ಈಗಲೇ.”

“ಇದೆಂಥ ಉತ್ತರವೋ!” ಎಂದರು ತಾತ. ಆದರೂ ಹಾಡಿದರು.

ದನಿ ಒಡೆದಿತ್ತು, ರಾಗ ಒಡೆದಿರಲಿಲ್ಲ. ಅಗೆಯುವವರು ಗುದ್ದಲಿ ನಿಲ್ಲಿಸಿದರು. ತಾತನ ಕೈ ಅವನ ಎದೆಯ ಮೇಲೆಯೇ ಇತ್ತು. ಒಂದೊಂದು ಸಾಲಿಗೂ ಆ ಬೆರಳುಗಳು ಮೆಲ್ಲನೆ ತಾಳ ಹಾಕುತ್ತಿದ್ದವು. ಅಡಿಯಲ್ಲಿ ಹಾಳೆಯೂ ಅದೇ ಸಾಲುಗಳನ್ನು ಹೊತ್ತಿತ್ತು. ನಕಲು ಮಾಡಿದವನು ಹಾಕಿದ ವರ್ಷ ಸುಳ್ಳಲ್ಲ. ಈ ದನಿಯನ್ನು ಸುಳ್ಳೆನ್ನುವುದಾದರೂ ಹೇಗೆ?

ಹಾಡು ಮುಗಿಯಿತು. ಕೊನೆಯ ಮೂಟೆಯ ಬಾಯಿ ಕಟ್ಟಲು ಸೆಲಿಗ್ ಬಗ್ಗಿದ. ಅವನ ಕೈ ಕೋಟಿನೊಳಗೆ ಹೋಯಿತು, ಆಮೇಲೆ ಮೂಟೆಯೊಳಗೆ ಹೋಯಿತು. ಗಂಟು ಹಾಕಿದ. ಒಬ್ಬಳೇ ಒಬ್ಬಳು ಅದನ್ನು ಕಂಡಳು.

ಸ್ಮಶಾನದ ಬಾಗಿಲಲ್ಲಿ ಎಲ್ಲರೂ ಕೈ ತೊಳೆಯುತ್ತಿದ್ದರು. ಬ್ರೈಂಡೆಲ್ ಚೊಂಬಿನಿಂದ ಅವನ ಕೈಗೆ ನೀರು ಹೊಯ್ದಳು, ಬೇಕಾದ್ದಕ್ಕಿಂತ ನಿಧಾನವಾಗಿ.

“ಮೂಟೆಗೆ ಏನೋ ಹಾಕ್ದೆ.”

“ಹೌದು.”

“ನಿಂಗೆ ಬೇಕಾದದ್ದು?”

“ಹೌದು.”

“ಏನದು?”

ಬೆರಳ ತುದಿಯಿಂದ ನೀರು ತೊಟ್ಟಿಕ್ಕುವುದನ್ನೇ ಅವನು ನೋಡುತ್ತ ನಿಂತ. ಹಿಂದಿದ್ದವರು ಕೆಮ್ಮಿದರು.

“ಸುಳ್ಳು ಹೇಳ್ಬೇಡ ಅಂದಿದ್ದೆ,” ಎಂದಳು ಕೊನೆಗೆ, ದನಿ ತಗ್ಗಿಸಿ. “ಎಲ್ಲಾನೂ ಹೇಳು ಅಂದಿರ್ಲಿಲ್ಲ. ಹೋಗು, ಅಪ್ಪನ ಹತ್ರ ಹೆಣ್ಣು ಕೇಳು.”

“ಬ್ರೈಂಡೆಲ್, ಆ ಕೆಲಸ ಇನ್ನು ನಂಗೆ ಸಿಗಲ್ಲ.”

“ನಾನೇನು ಕೆಲಸದ ಜೊತೆ ಬರ್ತೀನಿ ಅಂದಿದ್ನಾ?”

ಆ ಜಾಗ ಇನ್ನೊಬ್ಬನಿಗೆ ಹೋಯಿತು. ಸೆಲಿಗ್ ವ್ಯಾಪಾರಿಗಳ ಮಕ್ಕಳಿಗೆ ಮನೆಪಾಠ ಹೇಳಿ ಬರ್ಲಿನ್‌ನಲ್ಲೇ ಬ್ರೈಂಡೆಲಳ ಜೊತೆ ಸಂಸಾರ ನಡೆಸಿದ. ತಲೆ ನರೆಯುವ ಹೊತ್ತಿಗೆ ಶಾಲೆ ಅವನನ್ನೂ ಕರೆಯಿತು. ಹಳೆಯ ಹಾಡುಗಳ ಕಾಲ ಹೇಳುವುದರಲ್ಲಿ ಅವನನ್ನು ಮೀರಿಸಿದವರಿಲ್ಲ ಎಂದರು. ಅವನ ದೊಡ್ಡ ಗ್ರಂಥದಲ್ಲಿ ಮಾತ್ರ, ಅವನದೇ ಊರಿನ ಒಂದು ಹಾಡಿನ ಮುಂದೆ ‘ಕಾಲ ತಿಳಿಯದು’ ಎಂದಿದೆ.

ತಾತ ತೀರಿಕೊಂಡು ಎಷ್ಟೋ ಕಾಲವಾದ ಮೇಲೂ, ಪ್ರಾಯಶ್ಚಿತ್ತದ ದಿನಕ್ಕೆ ಇಬ್ಬರೂ ಊರಿಗೆ ಬರುತ್ತಿದ್ದರು. ಬಿಸಿಲು ಇಳಿದು ಆ ಹಾಡು ಶುರುವಾದಾಗ, ಮಂದಿರದ ಮೇಲಂತಸ್ತಿನ ಹೆಂಗಸರ ಸಾಲಿನಿಂದ ಬ್ರೈಂಡೆಲ್ ಬಗ್ಗಿ ನೋಡುತ್ತಿದ್ದಳು. ಒಂದು ಹುಬ್ಬು ಮೇಲೇರುತ್ತಿತ್ತು. ಅದೇ ಪ್ರಶ್ನೆ. ಸೆಲಿಗ್ ಅವಳನ್ನು ನೋಡಿ ನಕ್ಕು, ತಲೆ ತಗ್ಗಿಸಿ, ಎಲ್ಲರ ಜೊತೆ ಹಾಡುತ್ತಿದ್ದ.

ಆ ಹಾಡು ಮೇಯಿರನದಲ್ಲ ಎಂದು ಅವನು ಅವಳಿಗೂ ಎಂದೂ ಹೇಳಲಿಲ್ಲ.