ಪ್ರಶ್ನೆ ಕೇಳುವ ತಟ್ಟೆ

ಊಟ ಮುಗಿಯುತ್ತಿದ್ದಂತೆ ಪ್ರಶ್ನೆತಟ್ಟೆಯ ಅಂಚಿನಲ್ಲಿ ಅಕ್ಷರಗಳು ಮೂಡಿದವು: ‘ರೋಗಿ ತಟ್ಟೆ ಖಾಲಿ ಮಾಡುತ್ತಿದ್ದರೂ ತೂಕ ಇಳಿಯುತ್ತಿದೆ. ಕಾರಣವೇನೆಂದು ವೈದ್ಯರನ್ನು ಕೇಳಿ.’

ವೈದ್ಯರೆದುರು ಕೂತೊಡನೆ ಕೇಳಬೇಕಾದ್ದೆಲ್ಲ ಮರೆತುಹೋಗುತ್ತದಲ್ಲ, ಆ ಪೀಡೆ ತೊಲಗಲೆಂದೇ ವಿಜ್ಞಾನಿ ನಿರಂಜನ ಹೊಳ್ಳರು ಈ ತಟ್ಟೆ ಕಂಡುಹಿಡಿದಿದ್ದರು. ಅದರ ತಳದ ಅನ್ನಗ್ರಾಹಿ ಪ್ರತಿ ತುತ್ತನ್ನೂ ಅಳೆದು ರೋಗಿಯ ಸೊಂಟಕ್ಕೆ ಕಟ್ಟಿದ ಮದ್ದುಪಟ್ಟಿಗೆ ತಿಳಿಸುತ್ತಿತ್ತು. ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ನನ್ನು ಪಟ್ಟಿ ಅದಕ್ಕೆ ತಕ್ಕಷ್ಟು ಚುಚ್ಚುತ್ತಿತ್ತು. ಆಸ್ಪತ್ರೆಗೆ ಹೋಗುವ ಮುನ್ನ ಆಹಾರದ ಪ್ರಶ್ನೆಗಳನ್ನೂ ತಟ್ಟೆಯೇ ಸಿದ್ಧಪಡಿಸುತ್ತಿತ್ತು. ರೋಗಿ ಸುಳ್ಳು ಹೇಳಿಯಾನು, ತಟ್ಟೆ ಹೇಳದು ಎಂದು ಹೊಳ್ಳರು ಹೋದಲ್ಲೆಲ್ಲ ಹೇಳುತ್ತಿದ್ದರು.

ರಾಣೆಬೆನ್ನೂರಿನ ನಿವೃತ್ತ ಚಿತ್ರಕಲಾ ಮಾಸ್ತರ ಬಸಲಿಂಗಪ್ಪನವರಿಗೆ ಸಕ್ಕರೆ ಕಾಯಿಲೆಗೆಂದು ಆಸ್ಪತ್ರೆ ಕೊಟ್ಟ ತಟ್ಟೆಯಿದು. ಅವರು ಒಂದಿಷ್ಟು ರೊಟ್ಟಿ ಮುರಿದು ಎದ್ದುಬಿಡುತ್ತಿದ್ದರು. ಹೆಂಡತಿ ಚೆನ್ನವ್ವ ಮದುವೆಯಾದಾಗಿನಿಂದ ಗಂಡ ಉಂಡ ತಟ್ಟೆಯಲ್ಲೇ ಉಂಡವಳು. ಅವರು ಬಿಟ್ಟದ್ದನ್ನು ತಿಂದು, ತನಗೂ ಬಡಿಸಿಕೊಂಡು, ತಟ್ಟೆ ಬಳಿದು ಏಳುತ್ತಿದ್ದಳು. ಅವಳು ಇಲ್ಲಿ ತುತ್ತು ನುಂಗಿದರೆ ಪಡಸಾಲೆಯಲ್ಲಿ ಗಂಡನ ಸೊಂಟಕ್ಕೆ ಸೂಜಿ ಇಳಿಯುತ್ತಿತ್ತು. ಪಾಪ, ಅದು ಅವಳಿಗೇನು ಗೊತ್ತು!

ಭೇಟಿಯ ದಿನ ತಮ್ಮ ತಟ್ಟೆಯ ಕೆಲಸ ನೋಡಲು ಹೊಳ್ಳರೂ ವೈದ್ಯರ ಕೋಣೆಯಲ್ಲಿದ್ದರು.

“ನಂದೂ ಒಂದು ಕೇಳೋದೈತ್ರಿ,” ಎಂದಳು ಚೆನ್ನವ್ವ. “ಇವ್ರಿಗೆ ಊಟಾನ ಸೇರವಲ್ದು, ಯಾಕಂತ? ಊಟದ ಹೊತ್ತು ಮುಗದ್ರ ಸಾಕು, ಮೈಯೆಲ್ಲ ಬೆವರತೈತಿ.”

ಹೊಳ್ಳರು ನಕ್ಕರು. “ತಾಯಿ, ತಟ್ಟೆ ದಿನಾ ಖಾಲಿಯಾಗಿದೆ. ನಿಮ್ಮನ್ನ ನಂಬಲೋ, ಅದನ್ನ ನಂಬಲೋ?”

“ಖಾಲಿ ಆಗತೈತ್ರಿ, ಆದ್ರ...”

ಗಂಡನ ಎಂಜಲು ತಟ್ಟೆಯ ಮಾತನ್ನು ಈ ದೊಡ್ಡವರ ಮುಂದೆ ಹೇಗೆ ಆಡುವುದು? ಅವಳಿಗೆ ನಾಚಿಕೆಯಾಯಿತು.

“ಸುಮ್ನಿರ ನೀ,” ಎಂದು ಬಸಲಿಂಗಪ್ಪ ಗದರಿದರು. “ಶಾಣ್ಯಾರು ಮಾಡಿದ್ದು ತಪ್ಪಾಕ್ಕೈತೇನು?”

ವೈದ್ಯರು ತಟ್ಟೆಯ ಪ್ರಶ್ನೆಯನ್ನಷ್ಟೇ ಓದಿದರು. ಇಷ್ಟು ಉಂಡೂ ಮೈಗೆ ಹತ್ತುತ್ತಿಲ್ಲವೆಂದರೆ ಮದ್ದು ಸಾಲದೆಂದು ಪ್ರಮಾಣ ಏರಿಸಿದರು.

ಅದೇ ವಾರ, ಹೇಗಾದರೂ ನಾಲ್ಕು ತುತ್ತು ಉಣ್ಣಲಿ ಎಂದು ಚೆನ್ನವ್ವ ಗಂಡನಿಗೆ ಇಷ್ಟವಾದ ಹೋಳಿಗೆ ಮಾಡಿದಳು. ಅವರು ಚೂರು ಮುರಿದು ಬಾಯಿಗಿಟ್ಟು, ಬೇಡವೆಂದು ಹೋಗಿ ಮಲಗಿದರು. ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ಚೆಲ್ಲಲು ಮನಸ್ಸು ಬಾರದೆ ಅವಳೇ ಉಂಡಳು. ‘ರೋಗಿಯ ಊಟ ಉತ್ತಮ’ ಎಂದಿತು ತಟ್ಟೆ. ಪಾತ್ರೆ ತೊಳೆದು ಬಂದು ಎಬ್ಬಿಸಿದರೆ ಅವರು ಏಳಲಿಲ್ಲ. ಹಾಸಿಗೆ ಬೆವರಿಗೆ ತೊಯ್ದಿತ್ತು. ಸಂಜೆಯೊಳಗೆ ಜೀವ ಹೋಯಿತು.

ಮದ್ದುಪಟ್ಟಿ ಪರೀಕ್ಷಿಸಲು ಬಂದ ಹೊಳ್ಳರು ಕೇಳಿದರು: “ಕೊನೆಗೆ ಎಷ್ಟು ಹೋಳಿಗೆ ತಿಂದರು?”

“ಅವ್ರೆಲ್ಲಿ ತಿಂದ್ರರೀ! ಅವ್ರ ತಟ್ಟಿಯೊಳಗ ನಾನ ಉಂಡೆ.”

ಹೊಳ್ಳರ ಮುಖ ಬಿಳಿಚಿತು. ಮರುಕ್ಷಣವೇ, ಸಾವಿಗೆ ಬಂದ ಬಂಧುಬಳಗವೆಲ್ಲ ಕೇಳುವಂತೆ ಹೇಳಿದರು: “ನೋಡಿ, ತಟ್ಟೆಯದೇನೂ ತಪ್ಪಿಲ್ಲ. ಈ ತಾಯಿ ತಿಂದ ತುತ್ತಿಗೆಲ್ಲ ಆ ಮನುಷ್ಯನಿಗೆ ಮದ್ದು ಹೋಗಿದೆ.” ಪಟ್ಟಿ ಬಿಚ್ಚಿಕೊಂಡು ಹೊರಟೇಹೋದರು. ಎಂಥ ಕಲ್ಲೆದೆಯೋ!

ದಿವಸದ ಕಾರ್ಯಗಳೆಲ್ಲ ಮುಗಿದ ಮೇಲೆ ಚೆನ್ನವ್ವ ಅದೇ ತಟ್ಟೆಗೆ ಬಡಿಸಿಕೊಂಡು ಕೂತಳು. ಒಂದು ತುತ್ತು ಬಾಯಿಗಿಟ್ಟಳು. ಉಳಿದದ್ದನ್ನು ಹಾಗೇ ಬಿಟ್ಟಳು. ಅಂಚಿನಲ್ಲಿ ಅಕ್ಷರಗಳು ಮೂಡಿದವು:

‘ರೋಗಿಗೆ ಊಟ ಸೇರುತ್ತಿಲ್ಲ. ಯಾಕೆಂದು ವೈದ್ಯರನ್ನು ತಪ್ಪದೆ ಕೇಳಿ.’

“ಆವತ್ತ ನಾ ಕೇಳಿದ್ದು ಇದನ್ನ ಅಲ್ಲೇನ,” ಎಂದು ಚೆನ್ನವ್ವ ತಟ್ಟೆಯ ಮುಂದೆ ಗೋಳೋ ಎಂದು ಅತ್ತಳು.