ತೆರೆಗಿಂತ ಮೊದಲೇ ಬಂದ ಮಾತು

"ಆ ಕೀಲಿಕೈ ನನ್ನ ಹತ್ರ ಇರ್ಲೇ ಇಲ್ಲ ಸರ್..."

ಚಿತ್ರಮಂದಿರದ ಕತ್ತಲಲ್ಲಿ, ಸ್ಫೂರ್ತಿಯ ಕಿವಿಯ ಪಕ್ಕದಲ್ಲೇ ಕಿಶೋರ ಪಿಸುಗುಟ್ಟಿದ. ಮರುಕ್ಷಣ ತೆರೆಯ ಮೇಲೆ ಕೊಲೆಯ ಅನುಮಾನಕ್ಕೆ ಸಿಕ್ಕಿದ್ದ ಗಂಡ ಪೊಲೀಸರೆದುರು ಅದೇ ಮಾತು ಹೇಳಿದ. ಒಂದಕ್ಷರ ಹೆಚ್ಚುಕಡಿಮೆ ಇಲ್ಲ!

ಅವಳು ಥಟ್ಟನೆ ಅವನತ್ತ ತಿರುಗಿದಳು.

ಸಿನಿಮಾ ಬಂದು ಎರಡೇ ದಿನ. 'ನಾನಿನ್ನೂ ನೋಡಿಲ್ಲ' ಎಂದು ಬೆಳಿಗ್ಗೆ ತಾನೇ ಮೆಸೇಜ್ ಮಾಡಿದ್ದನಲ್ಲ?

ಯಲ್ಲಾಪುರದ ಲ್ಯಾಬೊಂದರಲ್ಲಿ ಕೆಲಸ ಮಾಡುವ ಸ್ಫೂರ್ತಿಗೂ, ಸಿದ್ದಾಪುರದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದ ಕಿಶೋರನಿಗೂ ಮದುವೆ ನಿಶ್ಚಯವಾಗಿ ತಿಂಗಳಾಗಿತ್ತು. ಇಬ್ಬರೇ ಶಿರಸಿಯಲ್ಲಿ ಭೇಟಿಯಾದದ್ದು ಇದೇ ಮೊದಲು. ಹುಡುಗಿ ನೋಡಲು ಬಂದ ದಿನ ಮಾತೆಲ್ಲ ಅವನ ಅಮ್ಮನದ್ದೇ. ಆಮೇಲೆ ಬರೀ ಮೆಸೇಜ್. ಫೋನ್ ಮಾಡಿದರೆ ಎತ್ತುತ್ತಲೇ ಇರಲಿಲ್ಲ. ಇವತ್ತೂ ಸಿನಿಮಾ ಶುರುವಾದ ಮೇಲೆಯೇ ಬಂದು ಕತ್ತಲಲ್ಲಿ ಪಕ್ಕ ಕೂತಿದ್ದ.

ಯಾಕೆ? ಇನ್ನೊಬ್ಬಳು ಇದ್ದಾಳಾ? ನಿನ್ನೆ ಅವಳ ಜೊತೆ ಈ ಸಿನಿಮಾ ನೋಡಿದನಾ?

ಹಿಂದೆ ಅವಳಿಗೆ ಬಂದ ಸಂಬಂಧವೊಂದು ಹೀಗೇ ಮುರಿದಿತ್ತು. ಆ ಹುಡುಗ ಇನ್ನೊಬ್ಬಳ ವಿಷಯ ಮುಚ್ಚಿಟ್ಟಿದ್ದ.

ತೆರೆಯ ಮೇಲೆ ಹೆಂಡತಿ ಆ ಸುಳ್ಳುಗಾರನಿಗೆ ನಗುತ್ತಾ ಚಹಾ ಕೊಡುತ್ತಿದ್ದಳು. ಹೆಣ ತೋರಿಸಿದಾಗಲೂ ಹೆದರದ ಸ್ಫೂರ್ತಿ ಆ ನಗು ನೋಡಲಾಗದೆ ಮುಖ ತಿರುಗಿಸಿದಳು. ಮಧ್ಯಂತರದ ದೀಪ ಹತ್ತಿದ್ದೇ ಎದ್ದು ಹೊರಟುಬಿಟ್ಟಳು.

ಬಸ್ ನಿಲ್ದಾಣದಲ್ಲಿ ಕಿಶೋರ ಏದುಸಿರು ಬಿಡುತ್ತಾ ಎದುರು ಬಂದು ನಿಂತ.

"ಯಾರ ಜೊತೆ ನೋಡಿದ್ರಿ ಈ ಸಿನಿಮಾ? ಹೊಸ ಸುಳ್ಳು ಬೇಡ! ಆ ಹೆಂಡತಿ ಹಾಂಗೆ ನಗ್ತಾ ಚಾ ಕೊಡೂದು ನನ್ನಿಂದ ಆಗ್ತಿಲ್ಲೆ."

ಅವನ ತುಟಿ ಅಲುಗಿತು. ಕತ್ತಿನ ನರ ಬಿಗಿಯಿತು.

"ನಾ... ನಾ... ನಾಟಕ..."

ಸ್ಫೂರ್ತಿ ಬೆಚ್ಚಿ ನೋಡಿದಳು. ಅವನು ಕಣ್ಣು ಮುಚ್ಚಿ, ಒಂದೊಂದೇ ಮಾತು ಹೊರಗೆ ದೂಡಿದ. ಈ ಸಿನಿಮಾ ನಾಟಕವೊಂದರಿಂದ ಬಂದದ್ದು. ಕಾಲೇಜಿನಲ್ಲಿ ಆ ನಾಟಕ ಆಡಿದಾಗ, ಪರದೆಯ ಹಿಂದೆ ನಿಂತು ನಟರಿಗೆ ಮಾತು ನೆನಪಿಸುತ್ತಿದ್ದವನು ಅವನೇ.

"ಪಿ... ಪಿಸುಗುಟ್ಟಿದ್ರೆ ತೊದಲೂದಿಲ್ಲೆ. ದೊಡ್ಡಕೆ ಮಾತಾಡಿದ್ರೆ... ಹೀಂಗೆ. ಮ... ಮದ್ವೆ ಆಗೋವರೆಗೆ ಗೊತ್ತಾಗೂದು ಬೇಡ ಅಂದ್ರು ಅಮ್ಮ."

"ನೀವೂ ಹೂಂ ಅಂದ್ರಿ?"

"ಹೆ... ಹೆದ್ರಿಕೆ ಆತು. ತಪ್ಪಾತು."

ಸ್ಫೂರ್ತಿಯ ಕಣ್ಣು ತುಂಬಿತು. ಇಲ್ಲದ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಂಡು ಎಷ್ಟೋ ರಾತ್ರಿ ಅತ್ತಿದ್ದಳು!

"ತೊದಲೂದಕ್ಕೆ ಸಿಟ್ಟಿಲ್ಲೆ. ಮುಚ್ಚಿಟ್ಟಿದ್ದಕ್ಕೆ ಸಿಟ್ಟಿದ್ದು. ಸಂಜೆ ಅಪ್ಪಂಗೆ ಫೋನ್ ಮಾಡಿ ನೀವೇ ಹೇಳಿ."

ಅವನು ತಲೆಯಾಡಿಸಿದ.

"ಇನ್ನೆಂತಾದ್ರೂ ಮುಚ್ಚಿಟ್ಟಿದ್ದು ಇದ್ದಾ?"

"ಒಂದಿದ್ದು... ನೀನಂದ್ರೆ ನಂಗೆ ಪ್ರಾ... ಪ್ರಾ..."

ಆ ಮಾತು ಏನೆಂದು ಅವಳಿಗೆ ಗೊತ್ತಾಗಿಹೋಯಿತು. ಆದರೂ ತಾನು ಹೇಳಿಕೊಡಬಾರದೆಂದು ತುಟಿ ಕಚ್ಚಿಕೊಂಡು ಕಾದಳು. ಅಷ್ಟರಲ್ಲಿ ಯಲ್ಲಾಪುರದ ಬಸ್ಸು ನಿಲ್ದಾಣ ದಾಟಿ ಹೋಯಿತು.

"ಬಸ್... ಬಸ್ ಹೋತು," ಎಂದ ಗಾಬರಿಯಿಂದ.

"ಹೋಗ್ಲಿ, ಇನ್ನೊಂದು ಬತ್ತು," ಸ್ಫೂರ್ತಿ ಅವನ ಕೈ ಹಿಡಿದಳು. "ನೀವು ನಿಧಾನಕ್ಕೆ ಹೇಳಿ..."